ಮಧ್ಯಮವೃದ್ಧನಿಲ್ಲದ ಶಿಶುಶಾಲೆ: ಮನೆಮಾತನ್ನು ಕುರಿತ ಒಂದು ವಿಮರ್ಶೆ

(೧)

ಕ್ರಿ. ಶ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಜನರ ಕಾವ್ಯಪರಿಣತಿಯನ್ನು ಕೊಂಡಾಡುವ ಭಾಗವು ಪಂಡಿತರೆಲ್ಲರಿಗೂ ಕಂಠಸ್ಥವಾಗಿರುವುದು. ಅದರ ಬೆನ್ನಿಗೇ ಬರುವ ಮತ್ತೊಂದು ಮಾತಿಗೆ ಅಷ್ಟು ಪ್ರಸಿದ್ಧಿ ಬಂದಿಲ್ಲ. ಓದಿದವರು ಮಾತ್ರವೇ ಅಲ್ಲದೆ ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೇ ಆಗಿರುವರೆಂದೂ, ಚಿಕ್ಕ ಮಕ್ಕಳನ್ನು ಸಹ ಈ ಎಣಿಕೆಯಿಂದ ಹೊರಗಿಡಲಾಗದೆಂದೂ ಅದರ ತಾತ್ಪರ್ಯ. ಇದನ್ನು ಬರಿಯ ನಾಡಹೊಗಳಿಕೆಯೆಂದು ಬಗೆದರೆ ಅದರ ಅರ್ಧ ಬೆಲೆ ಹೋಗುವುದು. ಮಗುವಿನ ಜಾಣ್ಮೆಯು ಮೊದಲು ಪ್ರಕಟವಾಗುವುದು ಅದರ ಸ್ವಂತ ನುಡಿಯಲ್ಲಿ ಎಂಬ ನಿಯಮವೂ ಆ ಮಾತಿನಲ್ಲಿ ಅಡಗಿದೆ. ನುಡಿಯನ್ನು ಕಿತ್ತುಕೊಂಡರೆ ಜಾಣ್ಮೆಯು ಇದ್ದೂ ಇಲ್ಲದಂತಾಗುವುದು.

ಈ ನಿಯಮವನ್ನು ಇಂದಿನ ಶಿಶುಶಾಲೆಗೆ ಅನ್ವಯಿಸಿ ನೋಡುವುದು ಅವಶ್ಯಕವಾಗಿದೆ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉರ್ದುವನ್ನು ಬರೆಯಿಸಿದವರು ನೂರಕ್ಕೆ ಹತ್ತಕ್ಕಿಂತ ಹೆಚ್ಚು. ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ ಮೊದಲಾದ ಭಾಷೆಗಳವರು ಅವರ ಬಳಿಕ ಬರುವರು. ೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಬಂದು ಕುಳಿತುಕೊಳ್ಳುವರು. ಆ ಮಕ್ಕಳಲ್ಲಿ ಅನೇಕರು ಒಂದು ನುಡಿಯಲ್ಲಿ ಜಾಣರಾಗಿ ಬಂದು ಮತ್ತೊಂದು ನುಡಿಯ ಮುಂದೆ ಮೂಗರಾಗುವರು. ಇದು ಅನಿವಾರ್ಯವೇ ಎಂಬುದು ಇಲ್ಲಿಯ ವಿಚಾರ.

(೨)

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸತಕ್ಕದ್ದು. ಎಳೆಯ ನಾಲಗೆಯು ಬಳ್ಳಿಯಂತೆ ಬಾಗುವುದು, ಕನ್ನಡದ ಮಾತುಗಳ ನಡುವೆ ಮಗುವನ್ನು ಕೂರಿಸಿದರೆ ತಾನಾಗಿಯೇ ಕಲಿಯುವುದು ಎಂಬುದು ಮೊದಲನೆಯ ವಾದ. ಒಂದೇ ಕೊಠಡಿಯಲ್ಲಿ ನಾಲ್ಕು ಮನೆಮಾತುಗಳ ಮಕ್ಕಳಿದ್ದರೆ ಒಬ್ಬ ಕಾರ್ಯಕರ್ತೆಯು ಏನು ಮಾಡಬಲ್ಲಳು ಎಂಬುದು ಎರಡನೆಯದು. ಮನೆಮಾತಿಗೆ ಕೊಟ್ಟ ಹೊತ್ತೆಲ್ಲವೂ ಕನ್ನಡಕ್ಕೆ ನಷ್ಟವೆಂಬುದು ಮೂರನೆಯದು. ಇವುಗಳಿಗೆ ಬೆಂಬಲವಾಗಿ ಸಾಹಿತ್ಯದ ನಿದರ್ಶನವನ್ನೂ ತರುವುದುಂಟು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಪಂಜೆ ಮಂಗೇಶರಾಯರದೂ ಗೋವಿಂದ ಪೈಗಳದೂ ಕೊಂಕಣಿ. ಇವರೆಲ್ಲರೂ ಕನ್ನಡದ ಮಹಾಲೇಖಕರಾದರು. ಆದುದರಿಂದ ಮನೆಮಾತಿನ ಆಸರೆಯಿಲ್ಲದೆಯೂ ಕನ್ನಡವು ಸಿದ್ಧಿಸುವುದೆಂದು ಅವರ ಅನುಮಾನ.

ಈ ವಾದಗಳು ತಳ್ಳಿಹಾಕುವಂಥವಲ್ಲ. ಮೊದಲನೆಯದಕ್ಕೆ ಶಾಸ್ತ್ರದ ಆಧಾರವೇ ಇದೆಯೆಂದು ತೋರುವುದರಿಂದ ಅದನ್ನು ಶಾಸ್ತ್ರದಿಂದಲೇ ಪರೀಕ್ಷಿಸುವುದು ಯುಕ್ತ.

(೩)

ಮಗುವು ಶಬ್ದಾರ್ಥಗಳ ಸಂಬಂಧವನ್ನು ಹೇಗೆ ಗ್ರಹಿಸುವುದೆಂಬ ಪ್ರಶ್ನೆಯನ್ನು ಭಾರತೀಯ ಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ವಿಚಾರಿಸಿರುವರು. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿರುವನು. ಶಬ್ದವು ಲೋಕದಿಂದಲೇ ಬರುವುದು. ಹೇಗೆ ಬರುವುದೆಂಬುದನ್ನು ಮೀಮಾಂಸಕರು ವೃದ್ಧವ್ಯವಹಾರವೆಂಬ ಹೆಸರಿನಿಂದ ವಿವರಿಸುವರು. ಉತ್ತಮವೃದ್ಧನೊಬ್ಬನು ಹಸುವನ್ನು ತರುವಂತೆ ಹೇಳುವನು. ಮಧ್ಯಮವೃದ್ಧನು ಅದನ್ನು ಕೇಳಿ ಹಸುವನ್ನು ತರುವನು. ಪಕ್ಕದಲ್ಲಿರುವ ಬಾಲಕನು ಇಬ್ಬರನ್ನೂ ನೋಡುವನು. ಮತ್ತೊಮ್ಮೆ ಹಸುವನ್ನು ಕಟ್ಟುವಂತೆಯೂ ಕುದುರೆಯನ್ನು ತರುವಂತೆಯೂ ಅಪ್ಪಣೆಯಾಗುವುದು. ಒಂದು ಪದವು ಸೇರಿ ಮತ್ತೊಂದು ಪದವು ಬಿಟ್ಟುಹೋಗುವ ಈ ಆವಾಪೋದ್ವಾಪಗಳಿಂದ ಯಾವ ಪದಕ್ಕೆ ಯಾವ ಅರ್ಥವೆಂದು ಬಾಲಕನು ತಾನೇ ನಿಶ್ಚಯಿಸಿಕೊಳ್ಳುವನು. ಪದಾರ್ಥಗಳ ಅನ್ವಯದ ವಿಷಯದಲ್ಲಿ ಭಾಟ್ಟರಿಗೂ ಪ್ರಾಭಾಕರರಿಗೂ ಎಷ್ಟೇ ವಿವಾದವಿದ್ದರೂ ವ್ಯವಹಾರವೇ ಕಲಿಕೆಯ ಮೂಲವೆಂಬುದು ಇಬ್ಬರಿಗೂ ಸಮ್ಮತ.

ಇದರಿಂದ ಮೊದಲನೆಯ ವಾದವು ಸಿದ್ಧಿಸಿತೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಈ ದೃಶ್ಯದಲ್ಲಿ ಮೂವರು ಇರುವರೆಂಬುದನ್ನು ಮರೆಯಬಾರದು. ಹೇಳುವವನು ಮತ್ತು ನೋಡುವವನು ಇದ್ದರೆ ಸಾಲದು. ಹೇಳಿದ್ದನ್ನು ಅರಿತು ನಡೆಸಿ ತೋರಿಸುವ ಮಧ್ಯಮವೃದ್ಧನು ಇರಲೇಬೇಕು. ಅವನ ಪ್ರವೃತ್ತಿಯಿಂದಲೇ ಅವನಿಗೆ ಅರ್ಥವಾಯಿತೆಂದು ಬಾಲಕನು ಊಹಿಸುವನು. ಮನೆಯಲ್ಲಿ ತಂದೆ, ತಾಯಿ, ಅಜ್ಜಿ, ಅಕ್ಕ ಇವರು ಬೆಳಗಿನಿಂದ ರಾತ್ರಿಯವರೆಗೆ ಈ ಮೂರು ಪಾತ್ರಗಳನ್ನೂ ತುಂಬಿಕೊಡುವರು. ಮನೆಮಾತು ಬೇರೆಯಾದ ಮಕ್ಕಳೇ ತುಂಬಿರುವ ಶಿಶುಶಾಲೆಯಲ್ಲಿ ಹೇಳುವವಳು ಒಬ್ಬಳು, ನೋಡುವವರು ಹತ್ತಾರು. ಅರಿತು ನಡೆಯುವವರು ಯಾರೂ ಇಲ್ಲ. ಕಾರ್ಯಕರ್ತೆಯು ಗೋಡೆಯ ಚಿತ್ರಪಟವನ್ನು ತೋರಿಸಿ ಹೆಸರು ಹೇಳಿದರೆ ಮಕ್ಕಳು ಒಕ್ಕೊರಲಿನಿಂದ ಅದನ್ನು ಮರಳಿ ಹೇಳುವರು. ಅದು ಶಬ್ದಾನುಕರಣವೇ ಹೊರತು ಶಕ್ತಿಗ್ರಹವಲ್ಲ.

ಶಕ್ತಿಗ್ರಹಕ್ಕೆ ನೈಯಾಯಿಕರು ಹೇಳುವ ಎಂಟು ಸಾಧನಗಳಲ್ಲಿ ವ್ಯವಹಾರದಂತೆಯೇ ಸಿದ್ಧಪದಸಾನ್ನಿಧ್ಯವೂ ಒಂದು. ಅರ್ಥ ತಿಳಿದ ಪದಗಳ ನೆರೆಯಲ್ಲಿ ನಿಂತ ತಿಳಿಯದ ಪದವು ಆ ನೆರೆಯಿಂದಲೇ ಅರ್ಥವನ್ನು ಪಡೆಯುವುದು. ವಾಕ್ಯದಲ್ಲಿ ಒಂದು ಪದವೂ ತಿಳಿದಿಲ್ಲದಿದ್ದರೆ ನೆರೆಯೆಲ್ಲಿಯದು? ಮೂರು ವರ್ಷದ ಮಗುವಿನ ಬಳಿಯಲ್ಲಿರುವ ಸಿದ್ಧಪದಗಳೆಲ್ಲವೂ ಮನೆಮಾತಿನವು. ಅವುಗಳನ್ನು ಬಾಗಿಲಲ್ಲಿಯೇ ಬಿಟ್ಟುಬರಹೇಳುವುದು ಎಣ್ಣೆಯನ್ನು ಚೆಲ್ಲಿ ದೀಪವನ್ನು ಹಚ್ಚಹೊರಟಂತೆ. ಮಗುವಿಗೆ ಮಾತೃಭಾಷೆಯೇ ಮೊದಲ ಶಿಕ್ಷಣಕ್ಕೆ ಯೋಗ್ಯವೆಂದು ಯುನೆಸ್ಕೋ ಸಂಸ್ಥೆಯು ೧೯೫೩ರ ವರದಿಯಲ್ಲಿ ಸಾರಿತು. ಒಂದು ಭಾಷೆಯಲ್ಲಿ ಬೆಳೆದ ಬುದ್ಧಿವ್ಯಾಪಾರವು ಎರಡನೆಯ ಭಾಷೆಗೂ ಆಧಾರವಾಗುವುದೆಂದು ಕೆನಡಾದ ಜಿಮ್ ಕಮಿನ್ಸ್ ೧೯೭೯ರಲ್ಲಿ ಪ್ರತಿಪಾದಿಸಿದರು. ಇವು ನೈಯಾಯಿಕರ ಮಾತಿಗೆ ದೂರವಾದವುಗಳಲ್ಲ.

(೪)

ಈ ಸಾಮಾನ್ಯ ವಿಚಾರವು ತುಳುನಾಡಿನ ಉದಾಹರಣೆಯಿಂದ ಇನ್ನೂ ಸ್ಫುಟವಾಗುವುದು. ೨೦೧೧ರ ಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಯಿಸಿದವರು ಭಾರತದಲ್ಲಿ ೧೮ ಲಕ್ಷಕ್ಕೂ ಮೇಲೆ. ತುಳುವೂ ಕನ್ನಡವೂ ಒಂದೇ ದ್ರಾವಿಡ ಬಳ್ಳಿಯ ಕುಡಿಗಳಾದುದರಿಂದ ತುಳುವ ಮಗುವಿಗೆ ಕನ್ನಡವು ಕಷ್ಟವಲ್ಲವೆಂದು ಹೇಳುವ ವಾಡಿಕೆಯಿದೆ. ನೆಂಟಸ್ತನವು ನೆರವಾಗುವಂತೆ ಮೋಸವನ್ನೂ ಮಾಡುವುದು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದ ಪಾಠದಲ್ಲಿ ಅಪ್ಪನು ಹೊಲಕ್ಕೆ ಹೋದನೆಂದೂ ಅಮ್ಮನು ಅಡಿಗೆ ಮಾಡಿದಳೆಂದೂ ಕೇಳಿದ ಮಗುವು ಯಾರನ್ನು ಎಲ್ಲಿಗೆ ಕಳುಹಿಸೀತು? ತುಳುವಿನ ಇಲ್ಲ್ ಎಂಬುದು ಮನೆ. ಕನ್ನಡದ ಇಲ್ಲ ಎಂಬುದು ಅಭಾವ. ಮಗುವಿನ ಕಿವಿಗೆ ಮನೆಯೇ ಇಲ್ಲವಾಗುವಷ್ಟು ಇವೆರಡೂ ಹತ್ತಿರವಾಗಿವೆ.

ಮಗುವಿಗೆ ಈ ಭೇದವನ್ನು ಒಮ್ಮೆ ಅದರ ನುಡಿಯಲ್ಲಿಯೇ ತಿಳಿಸಿದರೆ ಅದು ನಕ್ಕು ನೆನಪಿನಲ್ಲಿಟ್ಟುಕೊಳ್ಳುವುದು. ತಿಳಿಸದಿದ್ದರೆ ದಡ್ಡನೆನ್ನಿಸಿಕೊಳ್ಳುವುದು. ಎಣಿಕೆಯಲ್ಲಿಯೂ ಹೀಗೆಯೇ. ಒಂಜಿ, ರಡ್ಡ್, ಮೂಜಿ, ನಾಲ್, ಐನ್ ಎಂದು ಹುಣಿಸೆಯ ಬೀಜಗಳನ್ನು ಎಣಿಸಬಲ್ಲ ಮಗುವಿಗೆ ಸಂಖ್ಯೆಯ ಜ್ಞಾನವು ಸಿದ್ಧವಾಗಿಯೇ ಇದೆ. ಇಲ್ಲದಿರುವುದು ಕನ್ನಡದ ಹೆಸರು ಮಾತ್ರ. ಹೆಸರಿನ ಅಜ್ಞಾನವನ್ನು ವಸ್ತುವಿನ ಅಜ್ಞಾನವೆಂದು ಎಣಿಸುವುದು ಪರೀಕ್ಷಕನ ದೋಷ. ಕೊಂಕಣಿ, ಬ್ಯಾರಿ, ಉರ್ದುಗಳ ಮಕ್ಕಳ ವಿಷಯದಲ್ಲಿ ಭಾಷೆಗಳ ಅಂತರವು ಹೆಚ್ಚಿದಷ್ಟೂ ಈ ದೋಷವು ಹೆಚ್ಚುವುದು.

(೫)

ಇನ್ನು ಸಾಹಿತ್ಯದ ನಿದರ್ಶನ. ಪಂಜೆ ಮಂಗೇಶರಾಯರು (೧೮೭೪–೧೯೩೭) ಬಂಟವಾಳದಲ್ಲಿ ಹುಟ್ಟಿದವರು. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷು. ಉಪಾಧ್ಯಾಯರಾಗಿಯೂ ಶಾಲೆಗಳ ಪರಿವೀಕ್ಷಕರಾಗಿಯೂ ಮಕ್ಕಳನ್ನು ಹತ್ತಿರದಿಂದ ಕಂಡವರು. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯಸಮ್ಮೇಳನದ ಅಧ್ಯಕ್ಷರು. ಅವರ ಶಿಶುಗೀತಗಳಲ್ಲಿ ಅರ್ಥವು ಬರುವುದಕ್ಕೆ ಮುಂಚೆಯೇ ನಾದವು ಬರುವುದು. ತೆಂಕಣ ಗಾಳಿಯ ಪದ್ಯದಲ್ಲಿ ಗಾಳಿಯ ರಭಸವನ್ನು ಶಬ್ದಗಳ ಬಡಿತದಿಂದಲೇ ಕೇಳಿಸಿರುವರು. ಹಾವಿನ ಹಾಡಿನಲ್ಲಿ ಮಗುವು ಹಾವಿನೊಡನೆ ನೇರವಾಗಿ ಮಾತನಾಡುವುದು. ಕರೆ, ಬೇಡಿಕೆ, ಕೈಮುಗಿತ ಇವುಗಳಿಗೆ ಅಭಿನಯವು ಸಹಜವಾಗಿ ಒದಗುವುದರಿಂದ ಕನ್ನಡವನ್ನರಿಯದ ಮಗುವೂ ಅರ್ಥದ ಹೊಸ್ತಿಲಿಗೆ ಬಂದು ನಿಲ್ಲುವುದು. ಅನೇಕ ನುಡಿಗಳ ಮಕ್ಕಳ ನಡುವೆ ಬಾಳಿದ ಕವಿಗೆ ಈ ಮಾರ್ಗವು ಕೈಸಾರಿದ್ದು ಆಶ್ಚರ್ಯವಲ್ಲ. ಮನೆಮಾತು ಅವರ ಕನ್ನಡವನ್ನು ಕುಂದಿಸಲಿಲ್ಲವೆಂಬುದಂತೂ ಸ್ಪಷ್ಟ. ಆದುದರಿಂದ ಈ ನಿದರ್ಶನವು ಪೂರ್ವಪಕ್ಷದ ಮೂರನೆಯ ವಾದಕ್ಕೇ ಬಾಧಕವಾಗುವುದು.

ಉಳಿದ ಅನುಮಾನವೂ ನಿಲ್ಲತಕ್ಕದ್ದಲ್ಲ. ಬೇಂದ್ರೆ, ಮಾಸ್ತಿ, ಪಂಜೆ, ಪೈಗಳು ದಾಟಿದವರು. ದಾಟಲಾರದೆ ಹೊಳೆಯ ಈಚೆಯಲ್ಲಿಯೇ ಉಳಿದ ಮಕ್ಕಳು ಕಾವ್ಯವನ್ನು ಬರೆದಿಟ್ಟುಹೋಗಿಲ್ಲ. ಸಾಹಿತ್ಯಚರಿತ್ರೆಯಲ್ಲಿ ಅವರಿಗೆ ಸ್ಥಾನವಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ದಾರಿಯು ಸುಗಮವೆನ್ನುವುದು ಹೇತ್ವಾಭಾಸ. ಮೇಲಾಗಿ ಮರಾಠಿ ತಮಿಳುಗಳಿಗೆ ಶಾಲೆಯ ಹೊರಗೆ ಗ್ರಂಥಗಳೂ ಗೌರವವೂ ಇದ್ದುವು. ಸೋಲಿಗರ ಅಥವಾ ಲಂಬಾಣಿಗರ ಮಗುವಿನ ನುಡಿಗೆ ಅಷ್ಟು ಬಲವಾದ ಆಸರೆಯಿಲ್ಲ. ಶಿಶುಶಾಲೆಯು ಅದನ್ನು ಕಡೆಗಣಿಸಿದರೆ ತನ್ನ ಅಜ್ಜಿಯ ಮಾತು ಹೇಳತಕ್ಕುದಲ್ಲವೆಂಬುದೇ ಆ ಮಗುವಿನ ಮೊದಲ ಪಾಠವಾಗುವುದು.

(೬)

ಶಾಸನಗಳಲ್ಲಿ ಸದುದ್ದೇಶಕ್ಕೆ ಕೊರತೆಯಿಲ್ಲ. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯವನ್ನು ಕಲ್ಪಿಸಹೇಳುವುದು. ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮವು ಸಾಧ್ಯವಾದಷ್ಟು ಮಾತೃಭಾಷೆಯನ್ನೇ ಮಾಧ್ಯಮವಾಗಿಡಹೇಳುವುದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವಯಸ್ಸಿನಿಂದಲೇ ಶಿಕ್ಷಣದ ಅಡಿಗಲ್ಲನ್ನು ಎಣಿಸಿ, ಮನೆಮಾತಿಗೆ ಆದರವನ್ನು ತೋರಿರುವುದು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷಾ ಮಾಧ್ಯಮವನ್ನು ಪ್ರಾಥಮಿಕ ಶಾಲೆಗಳ ಮೇಲೆ ಹೇರುವ ಅಧಿಕಾರವು ರಾಜ್ಯಕ್ಕಿಲ್ಲವೆಂದು ತೀರ್ಪಿತ್ತಿತು. ಆಗ ನಾಡಿನಲ್ಲಿ ಎದ್ದ ಚರ್ಚೆಯು ಬಹುಮಟ್ಟಿಗೆ ಕನ್ನಡಕ್ಕೂ ಇಂಗ್ಲಿಷಿಗೂ ನಡೆದ ವ್ಯಾಜ್ಯವಾಗಿದ್ದಿತು. ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ನುಡಿಯ ಮಗುವು ಆ ವ್ಯಾಜ್ಯದಲ್ಲಿ ವಾದಿಯೂ ಆಗಲಿಲ್ಲ, ಪ್ರತಿವಾದಿಯೂ ಆಗಲಿಲ್ಲ. ತುಳುವನ್ನು ಹಿರಿಯ ತರಗತಿಗಳಲ್ಲಿ ಐಚ್ಛಿಕ ಭಾಷೆಯಾಗಿ ಇಟ್ಟಿರುವುದು ಶ್ಲಾಘ್ಯವೇ. ಆದರೆ ಊರುಗೋಲು ಬೇಕಾದದ್ದು ನಡೆಯ ಕಲಿಯುವ ಮೂರನೆಯ ವರ್ಷದಲ್ಲಿ.

ಎರಡನೆಯ ವಾದಕ್ಕೆ ಇಲ್ಲಿಯೇ ಸಮಾಧಾನವಿದೆ. ಪ್ರತಿಯೊಂದು ನುಡಿಗೂ ಪುಸ್ತಕಗಳನ್ನೂ ಬೇರೆ ಶಾಲೆಯನ್ನೂ ಏರ್ಪಡಿಸಬೇಕೆಂಬುದು ಸಿದ್ಧಾಂತವಲ್ಲ; ಮಧ್ಯಮವೃದ್ಧನನ್ನು ಒಳಕ್ಕೆ ಕರೆಯಬೇಕೆಂಬುದಿಷ್ಟೇ. ಆ ಪಾತ್ರಕ್ಕೆ ಯೋಗ್ಯರಾದವರು ಅನೇಕ ಕಡೆಗಳಲ್ಲಿ ಬಾಗಿಲ ಬಳಿಯಲ್ಲಿಯೇ ಇರುವರು. ಅಂಗನವಾಡಿಯ ಸಹಾಯಕಿಯು ಊರಿನವಳಾಗಿ ಮಕ್ಕಳ ನುಡಿಯನ್ನು ಬಲ್ಲವಳಾದರೆ, ಅವಳ ಮಾತನ್ನು ಊಟ ಬಡಿಸುವುದಕ್ಕೂ ಕೈತೊಳೆಯಿಸುವುದಕ್ಕೂ ಮಾತ್ರ ಮೀಸಲಿಡದೆ ಪಾಠಕ್ಕೂ ಬಳಸಬಹುದು. ಕಾರ್ಯಕರ್ತೆಯು ಕನ್ನಡದಲ್ಲಿ ಹೇಳಿದ್ದನ್ನು ಅವಳು ಮಾಡಿ ತೋರಿಸಿ ಮನೆಮಾತಿನಲ್ಲಿ ಒಂದು ಸಾರಿ ನುಡಿದರೆ ಮೀಮಾಂಸಕರ ದೃಶ್ಯವು ಪೂರ್ಣವಾಗುವುದು. ಎರಡು ನುಡಿಗಳನ್ನು ಬಲ್ಲ ಮಗುವೂ ಈ ಪಾತ್ರವನ್ನು ವಹಿಸಬಲ್ಲುದು. ವಾರಕ್ಕೊಮ್ಮೆ ಬಂದು ತನ್ನ ನುಡಿಯಲ್ಲಿ ಕಥೆ ಹೇಳುವ ಅಜ್ಜಿಗೆ ಸಂಬಳ ಬೇಕಿಲ್ಲ, ಚಾಪೆ ಸಾಕು. ಹಸಿವು, ನೀರು, ನೋವು, ಭಯ, ತಾಯಿ ಈ ಅರ್ಥಗಳ ಪದಗಳನ್ನು ಪ್ರತಿಯೊಂದು ಮಗುವಿನ ನುಡಿಯಲ್ಲಿ ಕಲಿಯುವುದು ಕಾರ್ಯಕರ್ತೆಗೆ ದೊಡ್ಡ ಹೊರೆಯಲ್ಲ. ತಿಳಿವಳಿಕೆಯನ್ನು ಪರೀಕ್ಷಿಸುವಾಗ ಮಗುವು ಯಾವ ನುಡಿಯಲ್ಲಿ ಉತ್ತರ ಕೊಟ್ಟರೂ ಒಪ್ಪುವುದು, ಕನ್ನಡವನ್ನು ಪರೀಕ್ಷಿಸುವಾಗ ಮಾತ್ರ ಕನ್ನಡವನ್ನು ಕೇಳುವುದು ಎಂಬ ಒಂದೇ ನಿಯಮವು ನಡೆದರೂ ಅರ್ಧ ಅನ್ಯಾಯವು ಪರಿಹಾರವಾಗುವುದು.

ವಿದ್ವಾಂಸರಿಗೂ ಇದರಲ್ಲಿ ಪಾಲುಂಟು. ಮ್ಯಾನರ್ ಪಾದ್ರಿಗಳ ತುಳು ನಿಘಂಟು ೧೮೮೬ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳುವಿನ ಬೃಹನ್ನಿಘಂಟು ಆರು ಸಂಪುಟಗಳಲ್ಲಿ ಹೊರಬಂದಿತು. ಅವುಗಳಲ್ಲಿ ಸಂಗ್ರಹವಾದ ಪದಸಂಪತ್ತಿನಿಂದ ಮಗುವಿಗೆ ಸಲ್ಲುವ ನೂರಿನ್ನೂರು ಮಾತುಗಳನ್ನು ಆರಿಸಿ, ಕನ್ನಡದೊಡನೆ ಎಲ್ಲಿ ಸೇರುವುವು ಎಲ್ಲಿ ಮೋಸ ಮಾಡುವುವು ಎಂಬುದನ್ನು ವಿಂಗಡಿಸಿ ಉಪಾಧ್ಯಾಯರ ಕೈಗಿಡುವುದು ಪಾಂಡಿತ್ಯಕ್ಕೆ ಕುಂದಲ್ಲ.

ಮನೆಮಾತಿಗೆ ಎಡೆಕೊಟ್ಟರೆ ಕನ್ನಡವು ಸೊರಗುವುದೆಂಬ ಭಯವು ಕನ್ನಡದ ಶಕ್ತಿಯನ್ನು ಕಿರಿದುಮಾಡಿ ಎಣಿಸುವುದು. ಶಿಶುಶಾಲೆಯಲ್ಲಿ ಕನ್ನಡವು ಉತ್ತಮವೃದ್ಧನ ಪೀಠದಲ್ಲಿಯೇ ಇರಲಿ. ಆ ಪೀಠದಿಂದ ಹೊರಟ ಮಾತು ಮಗುವಿಗೆ ಮುಟ್ಟಬೇಕಾದರೆ ನಡುವೆ ಮನೆಮಾತು ನಿಂತಿರಬೇಕು. ತಮ್ಮ ನುಡಿಯಲ್ಲಿ ಜಾಣರಾದ ಮಕ್ಕಳನ್ನು ಕನ್ನಡದಲ್ಲಿಯೂ ಜಾಣರನ್ನಾಗಿ ಮಾಡುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಬೇರೆಯಿಲ್ಲ.