ಬೆಳೆ ಕಾಯುವ ಕೋವಿ: ಒಂದು ಮನವಿಗೆ ಸಾಲು ಸಾಲಾಗಿ ವ್ಯಾಖ್ಯಾನ

ಚುನಾವಣೆ ಘೋಷಣೆಯಾದದ್ದೇ ತಡ, ಕಾರವಾರ, ಅಂಕೋಲಾ ತಾಲೂಕುಗಳ ಕಾಡಂಚಿನ ಮನೆಗಳಿಗೆ ಠಾಣೆಯಿಂದ ಹೇಳಿಕೆ ಬರುತ್ತದೆ: ಕೋವಿ ತಂದು ಒಪ್ಪಿಸಿ, ರಸೀದಿ ತೆಗೆದುಕೊಂಡು ಹೋಗಿ. ಪರವಾನಗಿ ಚೊಕ್ಕವಾಗಿದ್ದರೂ ಇದೇ ಮಾತು, ಆ ಮನೆಯವರ ಮೇಲೆ ಒಂದೇ ಒಂದು ದೂರು ಇಲ್ಲದಿದ್ದರೂ ಇದೇ ಮಾತು. ಇದಕ್ಕೆದುರಾಗಿ ಸುಳ್ಯ, ಪುತ್ತೂರಿನ ಕಡೆಯಿಂದ ನಮ್ಮ ಉತ್ತರ ಕನ್ನಡದವರೆಗೆ ಬೆಳೆಗಾರರು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತಲೇ ಬಂದಿದ್ದಾರೆ. ಕರಾವಳಿಯ ಕೆಲವರು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ದೊಡ್ಡ ನಾಯಕರಿಲ್ಲದ, ಪೇಟೆಯವರ ಕಣ್ಣಿಗೆ ಬೀಳದ ಚಳವಳಿ ಇದು.

ಕೆಳಗಿನ ಮನವಿ ಅಂಥವುಗಳ ಧಾಟಿಯಲ್ಲಿ ನಾನೇ ಕಟ್ಟಿದ ಮಾದರಿ. ಕಾಳಿ ದಂಡೆಯ ಹಣಕೋಣದ ರೈತನೊಬ್ಬ ಕಾರವಾರದ ಕಚೇರಿಗೆ ಒಯ್ಯಬಹುದಾದಂಥದ್ದು. ಅದರ ಒಂದೊಂದು ಸಾಲಿನ ಹಿಂದೆ ಯಾವ ಕಾನೂನಿದೆ, ಯಾವ ಚರಿತ್ರೆಯಿದೆ, ಯಾವ ಸಾಲು ಗಟ್ಟಿಯಾಗಿ ನಿಲ್ಲುತ್ತದೆ, ಯಾವುದು ಅಲುಗಾಡುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

“ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ಉತ್ತರ ಕನ್ನಡ, ಇವರ ಸನ್ನಿಧಿಗೆ.”

ಎರಡೂ ಪದವಿಗಳನ್ನು ಬರೆಯಬೇಕು. ಕೋವಿಗೆ ಪರವಾನಗಿ ಕೊಡುವವರೂ ಚುನಾವಣೆಯ ಹೊತ್ತಿಗೆ ಅದನ್ನು ಒಳಗಿಡಿಸುವವರೂ ದಂಡಾಧಿಕಾರಿಗಳೇ. ಠಾಣೆಯವರು ಆದೇಶ ಪಾಲಿಸುವವರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ.

“ನಮ್ಮ ಜಮೀನು ಕಾಡಿಗೆ ಹೊಂದಿಕೊಂಡಿದ್ದು, ಹಂದಿ, ಮಂಗ, ಮುಳ್ಳುಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ಕೋವಿ ಅನಿವಾರ್ಯ.”

ಈ ಸಾಲನ್ನು ಕಚೇರಿಯಲ್ಲಿ ಓದುವವರು ಹೆಚ್ಚಾಗಿ ಕಣ್ಣಾಡಿಸಿ ಬಿಡುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ತರ ಕನ್ನಡದ ನೆಲದ ಬಹುಪಾಲು ಅರಣ್ಯ. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಉಳಿದಿರುವ ಸಾಗುವಳಿಯ ಪಟ್ಟಿ ಮೊದಲೇ ಕಿರಿದು. ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಅದರಲ್ಲೂ ಒಂದಷ್ಟು ಹೋಯಿತು. ಇದೇ ಹಣಕೋಣದ ಜನ ಉಷ್ಣ ವಿದ್ಯುತ್ ಸ್ಥಾವರ ಬೇಡವೆಂದು ಬೀದಿಗಿಳಿದದ್ದೂ ಉಳಿದ ನೆಲ, ಉಳಿದ ನೀರಿಗಾಗಿಯೇ. ಹೀಗೆ ಉಳಿಸಿಕೊಂಡ ಗದ್ದೆಗೆ ರಾತ್ರಿ ಹಂದಿಯ ಹಿಂಡು ಇಳಿದರೆ ಬೆಳಗಾಗುವಷ್ಟರಲ್ಲಿ ಹಾಲುದುಂಬಿದ ಭತ್ತ ನೆಲಕಚ್ಚಿರುತ್ತದೆ. ತಿಂದದ್ದಕ್ಕಿಂತ ಉರುಳಾಡಿ ಕೆಡಿಸಿದ್ದೇ ಹೆಚ್ಚು. ಶೇಂಗಾ ಬಿತ್ತಿದ್ದರೆ ಸಾಲು ಸಾಲೇ ಅಗೆದು ಹೋಗುತ್ತವೆ. ಮಂಗಗಳದ್ದು ಹಗಲಿನ ಪಾಳಿ. ತೆಂಗಿನ ಮರವೇರಿ ಎಳೆಗಾಯಿ ಕಿತ್ತು, ತೂತು ಮಾಡಿ ನೀರು ಹೀರಿ, ಕೆಳಗೆಸೆಯುತ್ತವೆ. ಅಂಕೋಲೆಯ ಕರಿ ಇಶಾಡ ಮಾವಿಗೆ ಭೌಗೋಳಿಕ ಮಾನ್ಯತೆಯೇನೋ ಸಿಕ್ಕಿತು. ಆ ಮರವನ್ನು ಕಾಯುವವನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕಣ್ಣಿಗೆ ನಿದ್ದೆಯಿಲ್ಲ.

ಇನ್ನು ಕೋವಿ. ಪೇಟೆಯವರ ಮನಸ್ಸಿಗೆ ಬರುವುದು ಸಿನಿಮಾದ ಪಿಸ್ತೂಲು. ಇಲ್ಲಿರುವುದು ಬಹುತೇಕ ಕೇಪಿನ ಕೋವಿ, ಹೆಚ್ಚೆಂದರೆ ಒಂಟಿ ನಳಿಗೆ ಅಥವಾ ಜೋಡು ನಳಿಗೆಯ ತೋಟೆ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿಯಬೇಕು. ಅದರ ಮೇಲೆ ನಾರು ತುರುಕಿ ಗಜದಿಂದ ಇಡಿಯಬೇಕು, ಬೇಕಿದ್ದರೆ ಚರೆ ಹಾಕಿ ಮತ್ತೆ ಇಡಿಯಬೇಕು, ಕೊನೆಗೆ ಕುದುರೆ ಎಳೆದು ಕೇಪು ಕೂರಿಸಬೇಕು. ಒಂದು ಈಡು ಹಾರಿಸಿ ಇನ್ನೊಂದಕ್ಕೆ ಸಜ್ಜಾಗುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ. ಮಳೆ ಹನಿದು ಮದ್ದು ತೇವವಾದರೆ ಅದೂ ಇಲ್ಲ. ಮತಗಟ್ಟೆ ಹಿಡಿಯಲು ಹೊರಟವನು ಇದನ್ನು ನೆಚ್ಚಿಕೊಳ್ಳುವುದಿಲ್ಲ. ಮಾಳದ ಮೇಲೆ ಕೂತ ರೈತನಿಗೆ ಬೇಕಾದದ್ದು ಅದರ ಸದ್ದು. ಗರ್ನಾಲು ಹೊಡೆಯಬಹುದಲ್ಲ ಎನ್ನುತ್ತಾರೆ. ಹೊಡೆಯುತ್ತಾರೆ ಕೂಡ. ನಾಲ್ಕು ದಿನಕ್ಕೆ ಮಂಗಗಳಿಗೆ ಅದು ರೂಢಿಯಾಗುತ್ತದೆ.

“ಸದರಿ ಕೋವಿಗಳನ್ನು ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯಡಿ ಬೆಳೆ ರಕ್ಷಣೆಗೆಂದೇ ಪಡೆದಿರುತ್ತೇವೆ.”

ಮನವಿಯ ಬೆನ್ನೆಲುಬು ಈ ಸಾಲು. 1959ರ ಕಾಯ್ದೆಯ 13ನೇ ಕಲಂ, ಮೂರನೇ ಉಪಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಬಾಯಿಮದ್ದಿನ ಕೋವಿ ಕೇಳಿದವನಿಗೆ ಪರವಾನಗಿ ಕೊಡತಕ್ಕದ್ದು ಎಂದಿದೆ. ಕೊಡಬಹುದು ಎಂದಲ್ಲ, ಕೊಡತಕ್ಕದ್ದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಬಗೆಯ ನಯನಳಿಗೆ ಕೋವಿಯನ್ನೂ ಕೊಡಬಹುದು. ಮುಂದಿನ 14ನೇ ಕಲಮಿನಲ್ಲಿ, ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸಕೂಡದು ಎಂಬ ಮಾತಿದೆ. ಹತ್ತು ಗುಂಟೆಯವನ ಬೆಳೆಯೂ ಬೆಳೆಯೇ ಎಂದು ಸಂಸತ್ತು ಒಪ್ಪಿದ ಮಾತು ಇದು. ಹೊರಗಿನ ಜಗತ್ತಿನಲ್ಲಿ ಕೋವಿಯ ವಿಚಾರ ಬಂದರೆ ಅಮೆರಿಕದ ಜಗಳ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಆಯುಧದ ಹಕ್ಕು ಹೇಳುವ, ಸಂವಿಧಾನದ 1791ರ ಎರಡನೇ ತಿದ್ದುಪಡಿಯನ್ನು ಹಿಡಿದು ನಿಂತವರು ಸರ್ಕಾರದ ಎದುರಿಗೇ ಒಂದು ಸ್ವಾತಂತ್ರ್ಯವನ್ನು ಕೇಳುತ್ತಾರೆ. ನಮ್ಮ ರೈತ ಕೇಳುವುದು ಸರ್ಕಾರ ತಾನೇ ಬರೆದ ಕಾಯ್ದೆಯನ್ನು ತಾನೂ ಪಾಲಿಸಲಿ ಎಂಬುದನ್ನು. ಅವರ ಘೋಷಣೆಗಳನ್ನು ಎರವಲು ತಂದರೆ ನಮ್ಮ ಮನವಿ ಸೋಲುತ್ತದೆ, ಸೋಲಬೇಕಾದದ್ದೇ.

“ಪ್ರತಿ ಚುನಾವಣೆಯಲ್ಲೂ ಎಲ್ಲರ ಕೋವಿಗಳನ್ನೂ ಒಟ್ಟಾಗಿ ಠೇವಣಿ ಇಡಿಸುವುದರಿಂದ ಅಪಾರ ನಷ್ಟವಾಗುತ್ತಿದೆ.”

‘ಅಪಾರ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಾರೀಖು ಬರೆಯಬೇಕು. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ನೀತಿಸಂಹಿತೆ ಎರಡೂವರೆ ತಿಂಗಳು ದಾಟಿತು. ಗೇರು, ಮಾವು, ಎಳೆತೆಂಗು ಎಲ್ಲ ಕೈಗೆ ಬರುವ ಕಾಲ ಅದು. ಅದಕ್ಕೆ ಹಿಂದಿನ ವರ್ಷ ವಿಧಾನಸಭೆ, ಮಾರ್ಚ್ 29ರ ಘೋಷಣೆ, ಮೇ 10ರ ಮತದಾನ. ಮತ್ತೆ ಅದೇ ಬೇಸಿಗೆ. ನಡುವೆ ಪಂಚಾಯಿತಿ ಚುನಾವಣೆಗಳು ಬೇರೆ. ಠಾಣೆಯ ಮೂಲೆಯಲ್ಲಿ ಚೀಟಿ ಕಟ್ಟಿಸಿಕೊಂಡು ನಿಂತ ಕೋವಿಗೆ ಎಣ್ಣೆ ಕಾಣಿಸುವವರಿಲ್ಲ. ಕರಾವಳಿಯ ಉಪ್ಪುಗಾಳಿಗೆ ನಳಿಗೆಯೊಳಗೆ ತುಕ್ಕು ಹಿಡಿಯಲು ಎರಡು ತಿಂಗಳು ಧಾರಾಳ ಸಾಕು. ತುಕ್ಕು ತಿಂದ ನಳಿಗೆಯಲ್ಲಿ ಈಡು ಹಾರಿಸುವುದು ಹಾರಿಸುವವನಿಗೇ ಅಪಾಯ.

“ಅಪರಾಧ ಹಿನ್ನೆಲೆಯುಳ್ಳವರ ಆಯುಧಗಳನ್ನು ಮಾತ್ರ ಪಡೆದು, ಉಳಿದವರಿಗೆ ವಿನಾಯಿತಿ ನೀಡಬೇಕು.”

ಇದು ಬೇಡಿಕೆಯಂತೆ ಕಾಣುತ್ತದೆ. ನಿಜಕ್ಕೂ ಇದು ಚುನಾವಣಾ ಆಯೋಗದ್ದೇ ಸೂಚನೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಚರಿತ್ರೆಯುಳ್ಳವರು, ಹಿಂದೆ ದೊಂಬಿಯಲ್ಲಿ, ಅದರಲ್ಲೂ ಚುನಾವಣೆ ಕಾಲದ ದೊಂಬಿಯಲ್ಲಿ ಭಾಗಿಯಾದವರು, ಇಂಥವರ ಪರವಾನಗಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಅಗತ್ಯವೆನಿಸಿದವರಿಗೆ ನೋಟಿಸು ಕೊಡಿ ಎಂದು ಆಯೋಗ ಜಿಲ್ಲಾ ದಂಡಾಧಿಕಾರಿಗಳಿಗೆ ಹೇಳಿದೆ. ಆ ಪಟ್ಟಿ ಉದಾಹರಣೆಗೆ ಮಾತ್ರ, ಅಧಿಕಾರಿ ಬೇರೆಯವರನ್ನೂ ಸೇರಿಸಬಹುದು, ನಿಜ. ಆದರೆ ಪರಿಶೀಲನೆಯನ್ನೇ ಮಾಡದೆ ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದಕ್ಕೆ ಅದರಲ್ಲಿ ಎಡೆಯಿಲ್ಲ. ಕಾಳಿ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿಯ ಪರವಾನಗಿದಾರರು ಇದೇ ಪ್ರಶ್ನೆ ಎತ್ತಿ ಮುಂಬೈ ಹೈಕೋರ್ಟಿಗೆ ಹೋದಾಗ, 2009ರಲ್ಲಿ, ಸಾರಾಸಗಟು ಠೇವಣಿ ಸಲ್ಲದು, ಪ್ರತಿಯೊಬ್ಬನ ವಿಷಯವನ್ನೂ ಪರಿಶೀಲನಾ ಸಮಿತಿ ಬಿಡಿಯಾಗಿ ನೋಡಬೇಕು ಎಂಬ ಹಾದಿ ತೆರೆಯಿತು. ನೆರೆಯವರ ಈ ಗೆಲುವನ್ನು ನಮ್ಮ ಮನವಿಯಲ್ಲಿ ಹೆಸರಿಸಲೇಬೇಕು.

ಇನ್ನೊಂದು ವಿಷಯವೂ ಇಲ್ಲಿ ಬರುತ್ತದೆ. ರೂಢಿ, ಕಾನೂನಿನಿಂದ ಆಯುಧ ಧರಿಸುವ ಸಮುದಾಯಗಳಿಗೆ ಆಯೋಗವೇ ವಿನಾಯಿತಿ ಇಟ್ಟಿದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ಹಂಗಿಲ್ಲ. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನಕ್ಕೆ ಆ ಗೌರವ ಇರಲಿ. ನಾವು ಕೇಳುವುದು ಅದನ್ನಲ್ಲ. ಪರವಾನಗಿ ಪಡೆದೇ ಇಟ್ಟುಕೊಳ್ಳುತ್ತೇವೆ, ಪಡೆದದ್ದನ್ನು ಕಾರಣವಿಲ್ಲದೆ ಕಿತ್ತುಕೊಳ್ಳಬೇಡಿ ಎನ್ನುವುದಷ್ಟೇ.

“ಕೋವಿ ಹೊಂದುವುದು ನಮ್ಮ ಪರಂಪರಾಗತ ಹಕ್ಕು.”

ಎಲ್ಲ ಮನವಿಗಳಲ್ಲೂ ಈ ಸಾಲು ನುಸುಳುತ್ತದೆ. ಬರೆಯುವಾಗ ಎದೆಯುಬ್ಬುತ್ತದೆ, ವಕೀಲರ ಮುಂದೆ ಮಾತ್ರ ನಿಲ್ಲುವುದಿಲ್ಲ. ಆದರೂ ಇದರ ಹಿಂದೆ ದೊಡ್ಡ ಚರಿತ್ರೆಯಿದೆ, ಅದನ್ನು ಮರೆಯಬಾರದು. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. ಬೇಟೆಯೂ ಬದುಕೂ ಅದರಲ್ಲೇ ಇದ್ದ ಜನ. ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಲಾವಣಿಕಾರರು ಅದನ್ನು ಇಂದಿಗೂ ಹಾಡುತ್ತಾರೆ. ಆಮೇಲೆ 1878ರ ಶಸ್ತ್ರ ಕಾಯ್ದೆ ಬಂತು. ಐರೋಪ್ಯರಿಗೊಂದು, ನಮ್ಮವರಿಗೊಂದು ನ್ಯಾಯ. ಅಹಿಂಸೆಯ ಗಾಂಧೀಜಿ ಕೂಡ 1930ರ ಜನವರಿಯಲ್ಲಿ ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಒಂದು, ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿಯನ್ನು ಜನರ ಹತೋಟಿಗೊಳಪಟ್ಟು ಕೊಡಬೇಕು ಎಂಬುದು. ಅದೇ ಪಟ್ಟಿಯಲ್ಲಿ ಉಪ್ಪಿನ ತೆರಿಗೆ ರದ್ದಾಗಬೇಕೆಂಬ ಬೇಡಿಕೆಯೂ ಇತ್ತು. ಆ ವರ್ಷದ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅಂಕೋಲೆಯ ಉಪ್ಪನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಅದರ ಜೊತೆಗಿದ್ದ ಈ ಬೇಡಿಕೆಯನ್ನು ಮರೆತೇಬಿಟ್ಟಿದ್ದೇವೆ. ಮರುವರ್ಷ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಗೊತ್ತುವಳಿಯಲ್ಲೂ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಅದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ, ಸಂವಿಧಾನ ಸಭೆಯೂ ಒಪ್ಪಲಿಲ್ಲ.

ಹಾಗಾಗಿ ಇಂದು ಅದು ಮೂಲಭೂತ ಹಕ್ಕಲ್ಲ. ಸಭೆ ಒಪ್ಪದಿದ್ದದ್ದು ಸರಿಯೆಂದೇ ನನ್ನ ನಂಬಿಕೆ. ಜಾತಿ, ಮತದ ಹೆಸರಿನಲ್ಲಿ ನಿಮಿಷದಲ್ಲಿ ಬೀದಿಗಿಳಿಯುವ ನಾಡಿನಲ್ಲಿ ಕೋವಿಗೆ ಲಗಾಮು ಬೇಕು. ಮನವಿಯಲ್ಲಿ ಈ ಸಾಲಿನ ಬದಲು ‘ಕಾಯ್ದೆ ನಮಗೆ ಕೊಟ್ಟ ಅವಕಾಶ’ ಎಂದು ಬರೆದರೆ ಅಲುಗಾಡಿಸಲು ಯಾರಿಂದಲೂ ಆಗದು.

“ಆಯುಧಗಳ ಸಂಖ್ಯೆ ಕಡಿತದಿಂದಲೂ ತೊಂದರೆಯಾಗಿದೆ.”

ಈ ಸಾಲನ್ನು ಕೈಬಿಡಬಹುದು. 2019ರ ತಿದ್ದುಪಡಿ ಒಬ್ಬನಿಗೆ ಮೂರಿದ್ದ ಮಿತಿಯನ್ನು ಎರಡಕ್ಕಿಳಿಸಿತು. ಮಸೂದೆಯಲ್ಲಿ ಮೊದಲಿದ್ದದ್ದು ಒಂದೇ. ಕ್ರೀಡಾ ಶೂಟರ್‌ಗಳು, ಪಂಜಾಬ್, ರಾಜಸ್ಥಾನದ ಪರವಾನಗಿದಾರರು ಎತ್ತಿದ ದನಿಗೆ ಅದು ಎರಡಾಯಿತು. ಜನ ಕೇಳಿದರೆ ಕಾಯ್ದೆ ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಆದರೆ ಹಣಕೋಣದ ಮನೆಯಲ್ಲಿರುವುದು ಒಂದೇ ಕೋವಿ. ಮೂರನೆಯದರ ಚಿಂತೆ ಅರಮನೆಗಳವರದು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿದ್ದು, ನವೀಕರಣಕ್ಕೆಂದು ಕಾರವಾರಕ್ಕೆ ಅಲೆಯುವ ಮುದುಕರಿಗೆ ನಿಜವಾದ ಉಪಕಾರ.

“ಪರವಾನಗಿ ದುರುಪಯೋಗ ಮಾಡುವವರನ್ನು ನಾವು ಬೆಂಬಲಿಸುವುದಿಲ್ಲ.”

ಬರೆಯುವುದು ಸುಲಭ, ಪಾಲಿಸುವುದು ಕಷ್ಟದ ಸಾಲು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿಯ ಕಾಯ್ದೆಯ ಪಕ್ಕದಲ್ಲೇ ನಿಂತಿದೆ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಬೇಕು. ಹೆದರಿಸಿ ಓಡಿಸುವುದೇ ಬೇರೆ, ಕೆಡವುವುದೇ ಬೇರೆ. ರಾತ್ರಿ ಕಾಡು ನುಗ್ಗಿ ಕಡವೆಗೆ, ಬರಕಕ್ಕೆ ಈಡು ಹೊಡೆದು ಮಾಂಸ ಹಂಚಿಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಪೊದೆ ಅಲುಗಾಡಿತೆಂದು ಗುಂಡು ಹಾರಿಸಿ ಜೊತೆಗಾರನನ್ನೇ ಕೊಂದ ದುರಂತಗಳು ಮಲೆನಾಡಿನಲ್ಲಿ ಮರುಕಳಿಸುತ್ತಲೇ ಇವೆ. ತುಂಬಿದ ಕೋವಿ ಗೋಡೆಗೆ ನೇತುಹಾಕಿ ಮಕ್ಕಳ ಕೈಗೆ ಸಿಕ್ಕಿದ್ದೂ ಉಂಟು. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರಿಂದ ಎರಡು ವರ್ಷದವರೆಗೆ ಜೈಲಿದೆ. ಅದು ಆಗಲೇಬೇಕಿದ್ದ ಬಿಗಿ. 2016ರ ಶಸ್ತ್ರಾಸ್ತ್ರ ನಿಯಮಗಳು ಕೇಳುವ ಸುರಕ್ಷತಾ ತರಬೇತಿ, ಭದ್ರವಾಗಿ ಇಡುವ ವ್ಯವಸ್ಥೆ, ಇವನ್ನು ಕಿರಿಕಿರಿಯೆಂದು ಗೊಣಗುವ ರೈತಮಿತ್ರರೊಂದಿಗೆ ನನಗೆ ಸಹಮತವಿಲ್ಲ. ಈ ಚಳವಳಿ ತನ್ನೊಳಗಿನ ಕಳ್ಳಬೇಟೆಗಾರನ ಹೆಸರು ಹೇಳಲು ಹಿಂಜರಿಯುವಷ್ಟು ಕಾಲ, ಅಧಿಕಾರಿ ಎಲ್ಲರನ್ನೂ ಒಂದೇ ಕಟ್ಟಿಗೆ ಸೇರಿಸುತ್ತಾನೆ.

“ಆದ್ದರಿಂದ ಪರಿಶೀಲನಾ ಸಮಿತಿಯ ಮುಂದೆ ನಮ್ಮ ಪರವಾನಗಿಗಳನ್ನು ಬಿಡಿಯಾಗಿ ಇರಿಸಿ, ನಿರಾಕರಿಸುವುದಾದರೆ ಕಾರಣ ಬರೆದು ತಿಳಿಸಬೇಕಾಗಿ ಪ್ರಾರ್ಥನೆ.”

ಕಾರಣ ಕೇಳುವುದು ಉದ್ಧಟತನವಲ್ಲ. ಪರವಾನಗಿಯನ್ನು ಅಮಾನತಿನಲ್ಲಿಡುವ, ರದ್ದುಮಾಡುವ ಆದೇಶಕ್ಕೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ, 18ನೆಯದು ಮೇಲ್ಮನವಿಗೆ ದಾರಿ ಕೊಡುತ್ತದೆ. ಠೇವಣಿಗೂ ಅದೇ ಶಿಸ್ತು ಇರಲಿ ಎನ್ನುವುದು ನ್ಯಾಯವಾದ ಮಾತು. ಜೊತೆಗೆ ಪರವಾನಗಿಯ ನಕಲು, ಪಹಣಿ, ಹಿಂದಿನ ಚುನಾವಣೆಗಳ ಠೇವಣಿ ರಸೀದಿಗಳು, ಬೆಳೆಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಪ್ರತಿ, ಇಷ್ಟನ್ನೂ ಲಗತ್ತಿಸಬೇಕು. ಊರಿನವರೆಲ್ಲ ಒಂದೇ ಹಾಳೆಗೆ ಸಹಿ ಹಾಕುವುದಕ್ಕಿಂತ ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಕೊಡುವುದು ಮೇಲು. ಬಿಡಿ ಪರಿಶೀಲನೆ ಕೇಳುವವರು ಬಿಡಿಯಾಗಿಯೇ ಕೇಳಬೇಕು. ನೀತಿಸಂಹಿತೆ ಬಂದ ಮೇಲೆ ಓಡಿದರೆ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಚುನಾವಣೆಯ ಸುಳಿವೇ ಇಲ್ಲದ ಮಳೆಗಾಲದಲ್ಲಿ ಕೊಟ್ಟು, ಆವಕ ವಿಭಾಗದಲ್ಲಿ ಮೊಹರು ಹಾಕಿಸಿ, ತಾರೀಖಿನ ಪ್ರತಿಯನ್ನು ಪರವಾನಗಿ ಪುಸ್ತಕದ ಜೊತೆಗೇ ಇಟ್ಟುಕೊಳ್ಳಿ.