ಎಡಗೈ ನಡೆ ಬದಲಿಸಿದಾಗ

ಲೂ ಡೊನಾಲ್ಡ್‌ಸನ್ ಅವರ ಸ್ಯಾಕ್ಸೊಫೋನ್ ಇರುವ ಎರಡು ಧ್ವನಿಮುದ್ರಣಗಳನ್ನು ಈ ವಾರ ಒಂದರ ಬೆನ್ನಿಗೊಂದು ಕೇಳಿ. ಮೊದಲನೆಯದು 1958ರಲ್ಲಿ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ನುಡಿಸಿದ ‘ದಿ ಸರ್ಮನ್’. ಎರಡನೆಯದು 1967ರಲ್ಲಿ ಡೊನಾಲ್ಡ್‌ಸನ್ ತಮ್ಮದೇ ತಂಡ ಕಟ್ಟಿ ಮಾಡಿದ ‘ಆಲಿಗೇಟರ್ ಬೂಗಲೂ’. ಆರ್ಗನ್ ಲಾನಿ ಸ್ಮಿತ್ ಅವರದು. ಎರಡೂ ಬ್ಲೂ ನೋಟ್ ಕಂಪನಿಯವು, ಎರಡಕ್ಕೂ ಬ್ಲೂಸ್‌ನದೇ ಚೌಕಟ್ಟು, ಎರಡರಲ್ಲೂ ಬೇಸ್ ವಾದಕನಿಲ್ಲ. ಆದರೂ ಮೊದಲನೆಯದು ಅಪ್ಪಟ ಜಾಜ್, ಎರಡನೆಯದು ಆಗಲೇ ಫಂಕ್‌ನ ಹೊಸ್ತಿಲಲ್ಲಿದೆ. ಯಾಕೆ ಹೀಗೆ? ಬಲಗೈಯ ಬೆಡಗಿಗೆ ಮರುಳಾಗದೆ ಎಡಗೈಗೆ ಕಿವಿಗೊಟ್ಟರೆ ಉತ್ತರ ಸಿಗುತ್ತದೆ.

ಆರ್ಗನ್ ತಂಡದಲ್ಲಿ ಬೇಸ್ ನುಡಿಸುವ ಹೊಣೆ ಎಡಗೈಯದು; ಕಾಲಡಿಯ ಪೆಡಲ್ ಅದಕ್ಕೆ ಒತ್ತು ಕೊಡುತ್ತದೆ. ‘ಸರ್ಮನ್’ನ ಇಪ್ಪತ್ತು ನಿಮಿಷವೂ ಜಿಮ್ಮಿಯ ಎಡಗೈ ಏಟಿಗೊಂದು ಸ್ವರದಂತೆ ನಡೆಯುತ್ತಲೇ ಇರುತ್ತದೆ. ಜೊತೆಗೆ ಆರ್ಟ್ ಬ್ಲೇಕಿಯ ಡ್ರಮ್ಸ್. ಇಲ್ಲಿ ಏಟು ಮೂರಾಗಿ ಒಡೆದಂತೆ ಕೇಳಿಸುತ್ತದೆ. ನಮ್ಮ ಮಾತಿನಲ್ಲಿ, ತಿಶ್ರದ ಛಾಯೆ. ಫಂಕ್ ಹಾಗಲ್ಲ. ಅದರ ಒಲವು ಚತುರಶ್ರದ ಸಮಪಾಲಿನತ್ತ, ಭಾರವೆಲ್ಲ ಆವರ್ತದ ಮೊದಲ ಏಟಿನ ಮೇಲೆ. ಲಾನಿಯ ಎಡಗೈ ಅತ್ತ ವಾಲಿದೆ. ಅದು ಊರೆಲ್ಲ ಸುತ್ತುವುದಿಲ್ಲ; ಪುಟ್ಟ ಪಲುಕೊಂದನ್ನು ಹಿಡಿದು ತಿರುತಿರುಗಿ ನುಡಿಸುತ್ತದೆ, ನಡುನಡುವೆ ಜಾಗ ಬಿಡುತ್ತದೆ. ಆ ಜಾಗಕ್ಕೆ ಬಂದು ಕೂರುವವರು ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಲಿಯೊ ಮೋರಿಸ್, ಮುಂದೆ ಇದ್ರಿಸ್ ಮುಹಮ್ಮದ್ ಎಂದು ಹೆಸರಾದವರು. ಆ ಊರಿನ ಬೀದಿ ಮೆರವಣಿಗೆಯ ಲಯ ಅವರ ಕೈಯಲ್ಲಿತ್ತು.

ವಾದ್ಯವೂ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್, ದುಬಾರಿ ಪೈಪ್ ಆರ್ಗನ್‌ಗೆ ಬದಲಾಗಿ ಚರ್ಚುಗಳನ್ನು ಸೇರಿತು. ಒಳಗೆ ತಿರುಗುವ ಲೋಹದ ಚಕ್ರಗಳಿಂದ ಸ್ವರ ಹುಟ್ಟುತ್ತದೆ. ಕೀಲಿ ಒತ್ತಿದೊಡನೆ ‘ಟಿಕ್’ ಎಂಬ ಸದ್ದೂ ಬರುತ್ತದೆ. ತಯಾರಕರ ಪಾಲಿಗೆ ಅದೊಂದು ದೋಷ. ಜಾಜ್ ವಾದಕರಿಗೆ ಅದೇ ಬೇಕಾಗಿತ್ತು: ಸ್ವರಕ್ಕೆ ಡ್ರಮ್ಸಿನ ಮೊನಚು ಪುಕ್ಕಟೆಯಾಗಿ ದಕ್ಕಿತು.

ಮೂರನೆಯದಾಗಿ, 1969ರಲ್ಲಿ ಚಾರ್ಲ್ಸ್ ಅರ್ಲೆಂಡ್ ಮುದ್ರಿಸಿದ ‘ಬ್ಲ್ಯಾಕ್ ಟಾಕ್’ ಕೇಳಿ. ಡ್ರಮ್ಸ್‌ನಲ್ಲಿ ಮತ್ತೆ ಇದ್ರಿಸ್ ಇದ್ದಾರೆ. ಅರ್ಲೆಂಡ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದು ಆರ್ಗನ್‌ಗೆ ಹೊರಳಿದವರು. ನನ್ನ ಕಿವಿಗೆ ಜಾಜ್–ಫಂಕ್ ಬೆಸುಗೆ ಎಲ್ಲಿಯೂ ಬಿರುಕು ಬಿಡದೆ ಕೂತಿರುವುದು ಇಲ್ಲಿಯೇ. ಬಲಗೈ ಜಾಜ್‌ನ ವಿಸ್ತಾರವನ್ನು ಬಿಟ್ಟುಕೊಟ್ಟಿಲ್ಲ, ಎಡಗೈ ಕುಣಿತದ ಹಟವನ್ನೂ ಸಡಿಲಿಸಿಲ್ಲ.

1970ರ ದಶಕದ ಹಲವು ಮುದ್ರಣಗಳಲ್ಲಿ ಬೇಸ್ ಗಿಟಾರ್ ಬಂದು ಎಡಗೈಗೆ ಬಿಡುಗಡೆ ಕೊಟ್ಟಿತು. ಸದ್ದು ದಪ್ಪವಾಯಿತು, ಬಿಗಿ ಕಳೆಯಿತು. ರಾಗವೂ ಬೇಸೂ ಒಬ್ಬರ ಮೈಯಿಂದಲೇ ಹೊರಡುವಾಗ ಅವೆರಡರ ನಡುವೆ ಮಾತುಕತೆಯೇ ಬೇಕಿಲ್ಲ. ಆದ್ದರಿಂದ ಆರ್ಗನ್ ಫಂಕ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೆ: ರೆಕಾರ್ಡಿನ ಹೊದಿಕೆಯ ಹಿಂದೆ ವಾದಕರ ಪಟ್ಟಿ ಓದಿ, ಬೇಸ್ ವಾದಕನ ಹೆಸರಿಲ್ಲದ್ದನ್ನು ಮೊದಲು ಆರಿಸಿ.