ಹೊಣೆಗಾರನಿಲ್ಲದ ಕ್ರಿಯೆ: ಪಾಡ್ದನದ ‘ಮಾಯ’ ಮತ್ತು ದ್ವೇಷಾಪರಾಧದ ದೂರು

ಪಾಡ್ದನಗಳ ಅಧ್ಯಯನದಲ್ಲಿ ‘ಮಾಯ’ವನ್ನು ಬಹುಮಟ್ಟಿಗೆ ದೈವೀಕರಣದ ಘಟ್ಟವೆಂದೇ ವಿವೇಚಿಸಲಾಗಿದೆ. ಮನುಷ್ಯನೊಬ್ಬ ಕಾಯವನ್ನು ತೊರೆದು ಮಾಯಕ್ಕೆ ಸಂದು ದೈವವಾಗುತ್ತಾನೆಂಬ ಈ ವಿವರಣೆ ಆರಾಧನೆಯ ದೃಷ್ಟಿಯಿಂದ ಸಮಂಜಸವಾದುದು. ಆದರೆ ಅಪರಾಧದ ದೃಷ್ಟಿಯಿಂದ ಪರಿಶೀಲಿಸಿದಾಗ ಇದೇ ಪದದ ಇನ್ನೊಂದು ಮುಖ ಗೋಚರಿಸುತ್ತದೆ.

ತುಳುನಾಡಿನ ಕೊರಗತನಿಯ ದೈವದ ಕಥನ ಇದಕ್ಕೆ ನಿದರ್ಶನ. ಹಲವು ಪಾಠಗಳಲ್ಲಿ ತನಿಯ ಏಳು ಆಳಿನ ಹೊರೆಯನ್ನು ಒಬ್ಬನೇ ಹೊತ್ತು ದೇವಾಲಯಕ್ಕೆ ತರುತ್ತಾನೆ. ಹೊರೆಗೆ ದೊರೆತ ಪ್ರವೇಶ ಹೊತ್ತವನಿಗೆ ದೊರೆಯುವುದಿಲ್ಲ. ಅಲ್ಲಿ ಕಂಡ ಹಣ್ಣನ್ನು ಕೊಯ್ಯಲು ಹತ್ತಿದವನು ‘ಮಾಯ’ವಾಗುತ್ತಾನೆ. ತಡೆದವರಿದ್ದಾರೆ, ಇಲ್ಲವಾದವನಿದ್ದಾನೆ; ಇಲ್ಲವಾಗಿಸಿದವರು ಮಾತ್ರ ವಾಕ್ಯದಲ್ಲಿಲ್ಲ. ಇದನ್ನು ಕೊಲೆಯ ನೇರ ಸಾಕ್ಷ್ಯವೆಂದು ಗ್ರಹಿಸುವುದು ಅವಸರದ ತೀರ್ಮಾನವಾದೀತು. ಆದರೂ ಹೊಣೆಗಾರನನ್ನು ಹೆಸರಿಸದೆ ಹಾನಿಯನ್ನು ಮಾತ್ರ ನೆನಪಿನಲ್ಲಿಡುವ ನಿರೂಪಣಾ ಕ್ರಮವೊಂದು ಇಲ್ಲಿ ಸ್ಪಷ್ಟವಾಗಿದೆ.

ಈ ಕ್ರಮ ಪುರಾಣಕಾಲಕ್ಕೆ ಸೀಮಿತವಲ್ಲ. ಜಾತಿಯ ಕಾರಣಕ್ಕೆ ನಡೆದ ಹಲ್ಲೆಯನ್ನು ಗ್ರಾಮದ ಆಡುಮಾತು ‘ಗಲಾಟೆಯಾಯಿತು’ ಎಂದೋ ‘ಮಾತಿಗೆ ಮಾತು ಬೆಳೆಯಿತು’ ಎಂದೋ ಹೇಳುತ್ತದೆ. ಬಲಿಯಾದವನನ್ನು ಅವನ ಸಮುದಾಯದ ಗುರುತಿಗಾಗಿಯೇ ಆರಿಸಿಕೊಳ್ಳುವುದು ದ್ವೇಷಾಪರಾಧದ ಮೂಲ ಲಕ್ಷಣ. ‘ಗಲಾಟೆ’ ಎಂಬ ಪದ ಮರೆಮಾಚುವುದು ಇದನ್ನೇ. ಬಲಿಪಶುವಿನ ಕಡೆಯವರೂ ಇದೇ ಪದವನ್ನು ಬಳಸುವುದುಂಟು. ಮರುದಿನವೂ ಅದೇ ಊರಿನಲ್ಲಿ ನೀರು, ಕೂಲಿ, ದಾರಿಗಳನ್ನು ಅವಲಂಬಿಸಬೇಕಾದವರ ಮೌನವನ್ನು ಸಮ್ಮತಿಯೆಂದು ಭಾವಿಸಲಾಗದು.

ಈ ಮೌನದ ಪರಿಣಾಮ ನ್ಯಾಯಾಲಯದವರೆಗೂ ಚಾಚುತ್ತದೆ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ದಹಿಸಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳು ಖುಲಾಸೆಗೊಂಡರು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಏಳು ಸಾವುಗಳು ದಾಖಲೆಯಲ್ಲಿ ಉಳಿದವು, ಕೊಂದವರು ಉಳಿಯಲಿಲ್ಲ. ಇದಕ್ಕೆ ಭಿನ್ನವಾಗಿ, ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿಯೂ ಆ ಹೆಸರುಗಳು ತೀರ್ಪಿಗೆ ಬರಲು ಹತ್ತು ವರ್ಷ ಹಿಡಿಯಿತು.

ಜಾನಪದ ಸಂಶೋಧಕರಿಗೆ ಮುಖ್ಯವಾಗಬೇಕಾದ ಅಂಶವೊಂದು 1989ರ ದೌರ್ಜನ್ಯ ತಡೆ ಅಧಿನಿಯಮದಲ್ಲಿದೆ. 2015ರ ತಿದ್ದುಪಡಿಯ ತರುವಾಯ ಅದರ 4ನೆಯ ಕಲಂ ಪ್ರಕಾರ, ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ ಸಹಿ ಪಡೆಯುವ ಮುನ್ನ ಅದನ್ನು ದೂರುದಾರನಿಗೆ ಓದಿ ಹೇಳಬೇಕು, ಕೂಡಲೇ ಪ್ರತಿಯನ್ನು ಕೊಡಬೇಕು. 15ಎ ಕಲಂ ಸಂತ್ರಸ್ತರ ಮತ್ತು ಸಾಕ್ಷಿಗಳ ರಕ್ಷಣೆಯ ಹೊಣೆಯನ್ನು ರಾಜ್ಯದ ಮೇಲಿಟ್ಟಿದೆ. ಮೌಖಿಕವು ಲಿಖಿತವಾಗುವಾಗ ಕರ್ತೃ ಕಳೆದುಹೋಗುವ ಅಪಾಯವನ್ನು ಶಾಸನ ಗುರುತಿಸಿದೆ. ಪಾಠ ಸಂಪಾದನೆಯ ಶಿಸ್ತು ಇದನ್ನು ಇನ್ನೂ ಸಾಕಷ್ಟು ಗುರುತಿಸಿಲ್ಲ.

ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ನಿಷೇಧಿಸಿದ್ದು 2000ದ ಅಧಿನಿಯಮದಿಂದ. ಅದುವರೆಗೆ ಆ ಪದ್ಧತಿಗೆ ‘ಸಂಪ್ರದಾಯ’ವೆಂಬ ಹೆಸರಿನ ಆಸರೆಯಿತ್ತು. ಆದಕಾರಣ ಪಾಠವನ್ನು ಸಂಗ್ರಹಿಸುವವರು ‘ಏನಾಯಿತು’ ಎಂಬುದರೊಡನೆ ‘ಯಾರು ಮಾಡಿದರು’ ಎಂಬುದನ್ನೂ ಕೇಳಬೇಕಾಗುತ್ತದೆ. ಉತ್ತರ ದೊರೆಯದಿದ್ದಲ್ಲಿ ಆ ಮೌನವನ್ನೂ, ಅದರ ಕಾರಣವನ್ನೂ ಪಾಠದ ಭಾಗವಾಗಿ ದಾಖಲಿಸಬೇಕು. ‘ಮಾಯ’ವನ್ನು ಆರಾಧಿಸುವ ಹಕ್ಕು ಸಮುದಾಯದ್ದು, ಅದರ ಹಿಂದಿನ ಕೈಯನ್ನು ಹುಡುಕುವುದು ಅಧ್ಯಯನದ ಹೊಣೆ.